ಎರಡು ಜೀವಕ್ಕೆ ಎಷ್ಟು ಊಟ? ಬಸುರಿನ ತೂಕ ಮತ್ತು ಮಗುವಿನ ಬೊಜ್ಜು



ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕೂಟದ ಹಿರಿಯರೊಬ್ಬರು ನನ್ನ ತಟ್ಟೆ ನೋಡಿ, "ಏನಮ್ಮಾ, ವಿಶೇಷವಂತೆ! ಇನ್ನೊಂದು ಹೋಳಿಗೆ ಹಾಕಿಸ್ಕೋ. ಒಂದು ನಿನಗೆ, ಒಂದು ಒಳಗಿರೋರಿಗೆ" ಎಂದರು. ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಎರಡನೆಯ ಹೋಳಿಗೆ ಹಾಕಿಸಿಕೊಂಡೆ ಕೂಡ. ಆದರೆ ಅದು ಗಂಟಲಲ್ಲಿ ಸಲೀಸಾಗಿ ಇಳಿಯಲಿಲ್ಲ. ಕಾರಣ ಮೂರು ದಿನದ ಹಿಂದೆ ಮಕ್ಕಳ ಡಾಕ್ಟರ ಹತ್ತಿರ ನಡೆದ ಮಾತುಕತೆ.

ನನ್ನ ಮಗಳಿಗೆ ಆರು ವರ್ಷ. ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ಒಂದು ಗ್ರಾಫ್ ತೋರಿಸಿದರು. ಬಿ.ಎಂ.ಐ. ಲೆಕ್ಕದಲ್ಲಿ ಅವಳು 91ನೇ ಪರ್ಸೆಂಟೈಲಿನಲ್ಲಿದ್ದಳು. ಅಂದರೆ ಅವಳ ವಯಸ್ಸಿನ ನೂರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರೆ ತೊಂಬತ್ತು ಜನ ಅವಳಿಗಿಂತ ತೆಳ್ಳಗಿರುತ್ತಾರೆ ಎಂದು ಅರ್ಥ. (ಆ ನೂರು ಹುಡುಗಿಯರು ಇಂದಿನವರಲ್ಲ, 1963 ರಿಂದ 1994ರ ನಡುವೆ ಅಮೆರಿಕದ ಸಮೀಕ್ಷೆಗಳಲ್ಲಿ ಅಳೆದ ಮಕ್ಕಳು. ಇಂದಿನ ಮಕ್ಕಳನ್ನು ನಿಲ್ಲಿಸಿದ್ದರೆ ಸಾಲಿನಲ್ಲಿ ಅವಳ ಜಾಗ ಬೇರೆ ಇರುತ್ತಿತ್ತು!) ಇಲ್ಲಿನ ನಿಯಮದ ಪ್ರಕಾರ 85 ದಾಟಿದರೆ ಓವರ್‌ವೇಟ್, 95 ದಾಟಿದರೆ ಒಬೀಸ್. ಡಾಕ್ಟರು ಗಾಬರಿಪಡಿಸಲಿಲ್ಲ. ಊಟ, ಜ್ಯೂಸು, ಟಿವಿ ಬಗ್ಗೆ ಕೇಳಿದರು. ಆಮೇಲೆ, ನಾನು ಮತ್ತೆ ಬಸುರಿ ಎಂದು ಗೊತ್ತಾದಾಗ, "ಇವಳು ಹೊಟ್ಟೆಯಲ್ಲಿದ್ದಾಗ ನಿಮ್ಮ ತೂಕ ಎಷ್ಟು ಏರಿತ್ತು?" ಎಂದರು.

ನಲವತ್ತಾರು ಪೌಂಡು. ಅಂದರೆ ಸುಮಾರು 21 ಕೆ.ಜಿ. ಮಗಳು ಹುಟ್ಟಿದಾಗ ಎಂಟು ಪೌಂಡು ಹನ್ನೊಂದು ಔನ್ಸ್ ಇದ್ದಳು, ಅಂದರೆ ಹತ್ತಿರ ಹತ್ತಿರ ನಾಲ್ಕು ಕೆ.ಜಿ. ನಮ್ಮಮ್ಮ ಈ ಸಂಖ್ಯೆಯನ್ನು ಮೈಸೂರಿನ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಾದರೆ ಮಗಳ ಮೈ ಹೀಗಾಗಿದ್ದಕ್ಕೆ ನಾನೇ ಕಾರಣವೇ? ಈಗ ಒಳಗಿರುವ ಮಗುವಿಗೂ ಅದನ್ನೇ ಮಾಡುತ್ತಿದ್ದೇನೆಯೇ? ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಕೆಲಸದಲ್ಲಿ ಏನಾದರೂ ಕೆಟ್ಟರೆ ಮೊದಲು ಲಾಗ್ ತೆಗೆದು ನೋಡುತ್ತೇವೆ, ಆಮೇಲೆ ಯಾರ ಮೇಲಾದರೂ ತಪ್ಪು ಹೊರಿಸುತ್ತೇವೆ. ಹಾಗೆಯೇ ಕಳೆದ ಮೂರು ತಿಂಗಳು ಸಿಕ್ಕ ಸಂಶೋಧನಾ ಲೇಖನಗಳನ್ನೆಲ್ಲ ಓದಿದೆ, ನನ್ನ ಡಾಕ್ಟರನ್ನು ಕಾಡಿದೆ. ನಮ್ಮ ಕೂಟದಲ್ಲಿ ಸೀಮಂತದ ಸುದ್ದಿ ಈಗ ತಿಂಗಳಿಗೊಂದು ಬರುತ್ತಿರುವುದರಿಂದ, ಕಲಿತಿದ್ದನ್ನು ಹಂಚಿಕೊಳ್ಳೋಣ ಅನಿಸಿತು.

ಮೊದಲು ಲೆಕ್ಕ

ಬಿ.ಎಂ.ಐ. ಎಂದರೆ ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವುದು. ನನ್ನ ಎತ್ತರ 1.60 ಮೀಟರ್, ಅದರ ವರ್ಗ 2.56. ಮೊದಲ ಬಸುರಿಗೆ ಮುಂಚೆ 62 ಕೆ.ಜಿ. ಇದ್ದೆ. ಭಾಗಿಸಿದರೆ 24.2.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಪಟ್ಟಿಯನ್ನೇ ಇಲ್ಲಿನ ಡಾಕ್ಟರುಗಳು ಇಂದಿಗೂ ಬಳಸುತ್ತಾರೆ. ಬಸುರಾಗುವ ಮೊದಲು ಬಿ.ಎಂ.ಐ. 18.5ಕ್ಕಿಂತ ಕಡಿಮೆ ಇದ್ದವರು ಒಂಬತ್ತು ತಿಂಗಳಲ್ಲಿ 28 ರಿಂದ 40 ಪೌಂಡು ಏರಬಹುದು. 18.5 ರಿಂದ 24.9 ಇದ್ದವರು 25 ರಿಂದ 35 ಪೌಂಡು. 25 ರಿಂದ 29.9 ಇದ್ದವರು 15 ರಿಂದ 25. 30 ದಾಟಿದವರು 11 ರಿಂದ 20. ಇದು ಒಂದೇ ಮಗು ಇದ್ದವರ ಲೆಕ್ಕ, ಅವಳಿಗೆ ಬೇರೆ. ಕೆ.ಜಿ.ಯಲ್ಲಿ ಬೇಕಿದ್ದರೆ 2.2ರಿಂದ ಭಾಗಿಸಿಕೊಳ್ಳಿ.

ಹಾಗಾಗಿ ಮೊದಲ ಸಲ ನನಗೆ ಗರಿಷ್ಠ ಮಿತಿ 35 ಪೌಂಡು. ನಾನು ಹನ್ನೊಂದು ಪೌಂಡು ಹೆಚ್ಚು ಏರಿದ್ದೆ. ಏರಿದ ತೂಕವೆಲ್ಲ ಮಗುವಿನದ್ದಲ್ಲ ಎಂಬುದು ನಿಮಗೂ ಗೊತ್ತು. ಮಗು ಮೂರು, ಮೂರೂವರೆ ಕೆ.ಜಿ. ಮಾಸು, ನೀರು, ದೊಡ್ಡದಾದ ಗರ್ಭಕೋಶ, ಹೆಚ್ಚಾದ ರಕ್ತ ಎಲ್ಲ ಸೇರಿ ಇನ್ನು ನಾಲ್ಕೈದು ಕೆ.ಜಿ. ಉಳಿದದ್ದರಲ್ಲಿ ಹೆಚ್ಚಿನದು ತಾಯಿಯ ಮೈಗೆ ಸೇರುವ ಕೊಬ್ಬು. ಹಾಲೂಡಿಸುವ ಕಾಲಕ್ಕೆ ಬೇಕೆಂದು ದೇಹ ಸ್ವಲ್ಪ ಕೂಡಿಟ್ಟುಕೊಳ್ಳುತ್ತದೆ, ಅದು ಸರಿಯೇ. ಮಿತಿ ಮೀರಿ ಏರಿದ್ದು ಮಾತ್ರ ಹೆರಿಗೆಯಾದ ಮೇಲೆ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ನನ್ನದು ಹೋಗಲಿಲ್ಲ. ಎರಡನೇ ಬಸುರು ಶುರುವಾದಾಗ ನಾನು 69 ಕೆ.ಜಿ. ಬಿ.ಎಂ.ಐ. ಸುಮಾರು 27. ಮೊದಲ ಸಲ ಮೇಲಿನ ಸಾಲಿನಲ್ಲಿದ್ದವಳು ಈ ಸಲ ಕೆಳಗಿನ ಸಾಲಿಗೆ ಇಳಿದಿದ್ದೆ. ಈ ವಿಷಯಕ್ಕೆ ಆಮೇಲೆ ಮತ್ತೆ ಬರುತ್ತೇನೆ, ನನ್ನ ಪ್ರಕಾರ ಇಡೀ ಕಥೆಯಲ್ಲಿ ಮುಖ್ಯವಾದದ್ದು ಇದೇ.

ಈಗ ನಮ್ಮವರಿಗೆ ಸಂಬಂಧಿಸಿದ ಒಂದು ಮಾತು. 24.2 ಇಲ್ಲಿನ ಪಟ್ಟಿಯಲ್ಲಿ "ನಾರ್ಮಲ್". ಆದರೆ ಏಷ್ಯಾದವರಿಗೆ ಅಪಾಯ 23ರಿಂದಲೇ ಹೆಚ್ಚಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಬರೆದಿದ್ದಾರೆ. ಯಾಕೆ ಎನ್ನುವುದಕ್ಕೆ ಒಂದು ಸೊಗಸಾದ ಫೋಟೋ ಇದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಮಿತ್ರ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ಮೈಯಲ್ಲಿರುವ ಕೊಬ್ಬು ಯುಡ್ಕಿನ್‌ರಿಗೆ ಶೇಕಡ 9.1, ನಮ್ಮ ಯಾಜ್ಞಿಕ್‌ರಿಗೆ ಶೇಕಡ 21.2! 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಚಿತ್ರ ಇದು. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಆಫೀಸಿನಲ್ಲಿ ನಮ್ಮ ಟೀಮಿನ ಅರ್ಧ ಜನ ನನ್ನ ಕಣ್ಣಮುಂದೆ ಬಂದರು.

ಹೊಟ್ಟೆಯೊಳಗೆ ಏನಾಗುತ್ತದೆ?

1950ರ ದಶಕದಲ್ಲಿ ಕೋಪನ್‌ಹೇಗನ್ನಿನ ಡಾಕ್ಟರ್ ಯೋರ್ಗನ್ ಪೆಡರ್ಸನ್ ಸಕ್ಕರೆ ಕಾಯಿಲೆಯ ತಾಯಂದಿರಿಗೆ ಗುಂಡು ಗುಂಡಾದ ದೊಡ್ಡ ಮಕ್ಕಳು ಹುಟ್ಟುವುದೇಕೆ ಎಂಬುದಕ್ಕೆ ಕೊಟ್ಟ ವಿವರಣೆ ಇಂದಿಗೂ ನಿಂತಿದೆ. ತಾಯಿಯ ರಕ್ತದಲ್ಲಿರುವ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನೆಲ್ಲ ನಿಭಾಯಿಸಲು ಮಗು ತನ್ನದೇ ಪುಟ್ಟ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಮಾಡಿಕೊಳ್ಳಬೇಕು. ಇನ್ಸುಲಿನ್ನಿನ ಕೆಲಸವೇ ಸಕ್ಕರೆಯನ್ನು ಕೂಡಿಡುವುದು, ಹಾಗಾಗಿ ಮಗುವಿನ ಮೈಗೆ ಕೊಬ್ಬು ಸೇರುತ್ತದೆ. ತಾಯಿಯ ತೂಕ ಹೆಚ್ಚಿದ್ದಷ್ಟೂ ಅವಳ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ರಕ್ತದ ಸಕ್ಕರೆ ಏರುತ್ತದೆ. ತೂಕಕ್ಕೂ ಮಗುವಿಗೂ ಇರುವ ನೇರ ದಾರಿ ಇದು.

ಹುಟ್ಟಿದಾಗಿನ ಗುಂಡು ಆಮೇಲೂ ಉಳಿಯುತ್ತದೆಯೇ? ಇದಕ್ಕೆ ಉತ್ತರ ಹುಡುಕುತ್ತಾ ಹೋದವಳು ನಮ್ಮ ಊರಿಗೇ ಬಂದು ತಲುಪಿದೆ! ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ನಮ್ಮ ಕಡೆಯವರು "ಮಿಷನ್ ಆಸ್ಪತ್ರೆ" ಎಂದೇ ಕರೆಯುವುದು. ನಮ್ಮಮ್ಮ ಹುಟ್ಟಿದ್ದು ಅಲ್ಲೇ. ಆ ಆಸ್ಪತ್ರೆಯವರು 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟುಕೊಂಡು ಬಂದಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ತಂಡ ಆ ಹಳೆಯ ರಿಜಿಸ್ಟರುಗಳನ್ನು ಹಿಡಿದು, ಅದರಲ್ಲಿದ್ದ ಮಕ್ಕಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷೆ ಮಾಡಿದರು. ಇಂಗ್ಲೆಂಡಿನಲ್ಲಿ ಸಣಕಲು ಮಕ್ಕಳಾಗಿ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಎಂದು ಗೊತ್ತಾಗಿತ್ತು. ಮೈಸೂರಿನಲ್ಲಿ ಕಂಡದ್ದು ಬೇರೆ: ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಿಗೆ, ತೂಕದ ತಾಯಂದಿರ ಮಕ್ಕಳಿಗೆ, ಸಕ್ಕರೆ ಕಾಯಿಲೆ ಹೆಚ್ಚಿತ್ತು. ಬಹುಶಃ ಆ ತಾಯಂದಿರಿಗೆ ಬಸುರಿನಲ್ಲಿ ಸಕ್ಕರೆ ಏರಿದ್ದಿರಬೇಕು, ಆ ಕಾಲದಲ್ಲಿ ಯಾರೂ ಪರೀಕ್ಷೆ ಮಾಡಿರಲಿಲ್ಲ ಎಂಬ ಅನುಮಾನ ಬಂತು.

ಅನುಮಾನವನ್ನು ಪರೀಕ್ಷಿಸಲು 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಸುಮಾರು 800 ಬಸುರಿಯರಿಗೆ ಸಕ್ಕರೆ ಪರೀಕ್ಷೆ ಮಾಡಿದರು. ನೂರಕ್ಕೆ ಆರು ಜನರಲ್ಲಿ ಬಸುರಿನ ಸಕ್ಕರೆ ಕಾಯಿಲೆ ಸಿಕ್ಕಿತು. ಅವರ ಮಕ್ಕಳು ದೊಡ್ಡದಾಗಿಯೇ ಹುಟ್ಟಿದವು. ಆಮೇಲೆ ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಒಂದು ವರ್ಷದ ಹೊತ್ತಿಗೆ ವ್ಯತ್ಯಾಸ ಕಾಣಿಸಲಿಲ್ಲ, ಎಲ್ಲ ಸರಿಹೋಯಿತು ಅನ್ನಿಸುವಂತಿತ್ತು. ಐದು ವರ್ಷಕ್ಕೆ ನೋಡಿದರೆ, ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದ ಕೆಳಗಿನ ಕೊಬ್ಬು ಹೆಚ್ಚು, ಇನ್ಸುಲಿನ್ ಹೆಚ್ಚು. ಒಂಬತ್ತೂವರೆ ವರ್ಷಕ್ಕೆ ಆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತಿತ್ತು. ಇದನ್ನು ಓದಿದಾಗ ಮೈ ಜುಮ್ಮೆಂದಿತು. ಈ ಮಕ್ಕಳು ನನ್ನ ತಂಗಿಯ ಜೊತೆ ಶಾಲೆಗೆ ಹೋಗಿದ್ದವರೂ ಇರಬಹುದು.

ಇದು ಬರೀ ವಂಶದಿಂದ ಬಂದಿದ್ದು ಇರಬಾರದೇಕೆ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅಮೆರಿಕದ ಅರಿಜೋನಾದ ಪೀಮಾ ಬುಡಕಟ್ಟಿನವರಲ್ಲಿ ಇದಕ್ಕೆ ಜಾಣತನದ ಉತ್ತರ ಸಿಕ್ಕಿದೆ. ಒಂದೇ ತಾಯಿಯ ಇಬ್ಬರು ಮಕ್ಕಳು, ಒಬ್ಬರು ತಾಯಿಗೆ ಸಕ್ಕರೆ ಕಾಯಿಲೆ ಬರುವ ಮೊದಲು ಹುಟ್ಟಿದವರು, ಇನ್ನೊಬ್ಬರು ಬಂದ ಮೇಲೆ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆ ಬಂದ ಮೇಲೆ ಹುಟ್ಟಿದವರ ಬಿ.ಎಂ.ಐ. ಮೊದಲು ಹುಟ್ಟಿದ ಅಣ್ಣ ಅಕ್ಕಂದಿರಿಗಿಂತ ಸರಾಸರಿ 2.6 ಹೆಚ್ಚಿತ್ತು. ತಂದೆಗೆ ಕಾಯಿಲೆ ಬರುವ ಮುಂಚೆ, ಬಂದ ಮೇಲೆ ಎಂದು ವಿಂಗಡಿಸಿ ನೋಡಿದರೆ ಅಂಥ ವ್ಯತ್ಯಾಸವಿರಲಿಲ್ಲ. ಅಪ್ಪ ಅಮ್ಮ ಅವರೇ, ಅಡಿಗೆಮನೆ ಅದೇ. ಬದಲಾದದ್ದು ಹೊಟ್ಟೆಯೊಳಗಿನ ಒಂಬತ್ತು ತಿಂಗಳು.

ಹಾಗಾದರೆ ತಪ್ಪು ನನ್ನದೇ?

ಇಲ್ಲಿಯವರೆಗೆ ಓದಿ ನನ್ನ ನಿದ್ದೆ ಇನ್ನಷ್ಟು ಕೆಟ್ಟಿತ್ತು. 2019ರಲ್ಲಿ ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾಗಳ 37 ಅಧ್ಯಯನಗಳನ್ನು ಒಟ್ಟುಗೂಡಿಸಿ 1,62,129 ತಾಯಿ ಮಕ್ಕಳ ಲೆಕ್ಕ ಹಾಕಿದ್ದಾರೆ. ಮಕ್ಕಳ ಅತಿತೂಕದಲ್ಲಿ ಶೇಕಡ 21.7 ರಿಂದ 41.7ರಷ್ಟನ್ನು ತಾಯಿಯ ಬಸುರಿಗೆ ಮುಂಚಿನ ತೂಕದ ಲೆಕ್ಕಕ್ಕೂ, 11.4 ರಿಂದ 19.2ರಷ್ಟನ್ನು ಬಸುರಿನಲ್ಲಿ ಮಿತಿ ಮೀರಿ ಏರಿದ ತೂಕದ ಲೆಕ್ಕಕ್ಕೂ ಬರೆಯಬಹುದು ಎಂದರು. ಆದರೆ ಈ ಸಂಖ್ಯೆಗಳ ಹಿಂದೆ ಒಂದು "ಆದರೆ" ಇದೆ: ತಾಯಿಯ ತೂಕವೇ ನಿಜವಾಗಿ ಕಾರಣವಾಗಿದ್ದರೆ ಮಾತ್ರ ಈ ಲೆಕ್ಕ ಸರಿ. ಒಟ್ಟಿಗೆ ಕಾಣಿಸಿಕೊಳ್ಳುವುದೆಲ್ಲ ಕಾರಣವಲ್ಲ. ತೂಕದ ತಾಯಿ ಮಗುವಿಗೆ ತನ್ನ ಜೀನುಗಳನ್ನೂ ಕೊಡುತ್ತಾಳೆ, ತನ್ನ ಅಡಿಗೆಯನ್ನೂ ಬಡಿಸುತ್ತಾಳೆ. ಮೂರನ್ನೂ ಬಿಡಿಸಿ ನೋಡಬೇಡವೇ?

ಮತ್ತೆ ಒಡಹುಟ್ಟಿದವರ ಉಪಾಯವೇ ನೆರವಿಗೆ ಬರುತ್ತದೆ. ಮಿಚಿಗನ್ ಮತ್ತು ನಮ್ಮ ನ್ಯೂಜೆರ್ಸಿಯ ಐದು ಲಕ್ಷ ತಾಯಂದಿರ ಜನನ ದಾಖಲೆಗಳನ್ನು ಹಿಡಿದು, ಒಬ್ಬಳೇ ತಾಯಿಯ ಬೇರೆ ಬೇರೆ ಬಸುರುಗಳನ್ನು ಹೋಲಿಸಿದರು. 2010ರಲ್ಲಿ ಬಂದ ಫಲಿತಾಂಶದ ಪ್ರಕಾರ 24 ಕೆ.ಜಿ.ಗಿಂತ ಹೆಚ್ಚು ಏರಿದಾಗ ಹುಟ್ಟಿದ ಮಗು, 8 ರಿಂದ 10 ಕೆ.ಜಿ. ಏರಿದಾಗ ಹುಟ್ಟಿದ ಮಗುವಿಗಿಂತ ಸುಮಾರು 149 ಗ್ರಾಂ ಹೆಚ್ಚು ತೂಗುತ್ತಿತ್ತು. ಅಂದರೆ ಹುಟ್ಟುತೂಕದ ಮೇಲೆ ಪರಿಣಾಮ ನಿಜ. ಅದೇ ತಂಡದ ಕೆಲವರು 2013ರಲ್ಲಿ ಅರ್ಕನ್ಸಾ ರಾಜ್ಯದ 91,045 ಮಕ್ಕಳನ್ನು ಸುಮಾರು ಹನ್ನೆರಡನೇ ವಯಸ್ಸಿನಲ್ಲಿ ನೋಡಿದರು. ತಾಯಿ ಏರಿದ ಪ್ರತಿ ಕೆ.ಜಿ.ಗೆ ಮಗುವಿನ ಬಿ.ಎಂ.ಐ. ಏರಿದ್ದು 0.022 ಮಾತ್ರ. ನಾನು ಮಿತಿ ಮೀರಿದ್ದು ಐದು ಕೆ.ಜಿ. ಲೆಕ್ಕ ಹಾಕಿದೆ: 0.11. ಮಗಳ ಗ್ರಾಫಿನಲ್ಲಿ ಅದು ಪೆನ್ಸಿಲ್ ಗೆರೆಯ ದಪ್ಪವೂ ಇಲ್ಲ!

ಇನ್ನೊಂದು ಉಪಾಯ ಜೀನುಗಳದ್ದು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಸುಮಾರು ಹದಿನಾಲ್ಕು ಸಾವಿರ ಬಸುರಿಯರನ್ನು ಸೇರಿಸಿಕೊಂಡು ಶುರುಮಾಡಿದ ಅಧ್ಯಯನ ಇಂದಿಗೂ ನಡೆಯುತ್ತಿದೆ. ತೂಕ ಹೆಚ್ಚಿಸುವ ಜೀನುಗಳಲ್ಲಿ ತಾಯಿಯಲ್ಲಿದ್ದೂ ಮಗುವಿಗೆ ದಾಟದೇ ಉಳಿದವುಗಳ ಪರಿಣಾಮವನ್ನು ಬೇರ್ಪಡಿಸಿದರೆ, ಹೊಟ್ಟೆಯೊಳಗಿನ ವಾತಾವರಣದ ಪಾಲು ಎಷ್ಟು ಎಂದು ಅಂದಾಜು ಸಿಗುತ್ತದೆ. ಅಲ್ಲಿನ ಸಂಶೋಧಕರು 2017ರಲ್ಲಿ ಹೇಳಿದ್ದು, ತಾಯಿಯ ತೂಕಕ್ಕೂ ಬೆಳೆದ ಮಗುವಿನ ಬೊಜ್ಜಿಗೂ ಇರುವ ನಂಟಿನಲ್ಲಿ ಹೊಟ್ಟೆಯೊಳಗಿನ ಪಾಲು ದೊಡ್ಡದಿರುವಂತೆ ಕಾಣುವುದಿಲ್ಲ ಎಂದು. ಹೆಚ್ಚಿನದು ಹಂಚಿಕೊಂಡ ಜೀನುಗಳಿಂದ ಬಂದಿದ್ದು.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಿಲ್ಲುವುದು ಕೆನಡಾದ ಕ್ವಿಬೆಕ್‌ನ ಕಥೆ. ತೀರಾ ಬೊಜ್ಜಿದ್ದ ಹೆಂಗಸರು ಹೊಟ್ಟೆಯ ಬೈಪಾಸ್ ಆಪರೇಷನ್ ಮಾಡಿಸಿಕೊಂಡು ತೂಕ ಇಳಿಸಿದ ಮೇಲೆ ಹೆತ್ತ ಮಕ್ಕಳನ್ನು, ಆಪರೇಷನ್ನಿಗೆ ಮುಂಚೆ ಅವರೇ ಹೆತ್ತ ಮಕ್ಕಳ ಜೊತೆ ಹೋಲಿಸಿದರು. 2006ರ ವರದಿಯಂತೆ ಆಮೇಲೆ ಹುಟ್ಟಿದವರಲ್ಲಿ ಬೊಜ್ಜು ಸುಮಾರು ಅರ್ಧದಷ್ಟು ಕಡಿಮೆ. ಆಪರೇಷನ್ ಆದಮೇಲೆ ಆ ಮನೆಗಳ ಊಟವೂ ಬದಲಾಗಿರಬಹುದಲ್ಲ ಎಂಬ ಪ್ರಶ್ನೆ ಉಳಿಯುತ್ತದೆ, ನಿಜ. ಆದರೂ ಆ ಮಕ್ಕಳಿಗೂ ಅದೇ ತಾಯಿಯ ಜೀನುಗಳೇ ಅಲ್ಲವೇ?

ನನಗೆ ಅರ್ಥವಾದದ್ದು ಇಷ್ಟು. ಬಸುರಿನಲ್ಲಿ ಐದಾರು ಪೌಂಡು ಹೆಚ್ಚುಕಡಿಮೆ ಆಗುವುದರಿಂದ ಮಗುವಿನ ಹಣೆಬರಹ ಬದಲಾಗುವುದಿಲ್ಲ. ತಾಯಿಯ ರಕ್ತದ ಸಕ್ಕರೆ ತುಂಬಾ ದಿನ ಏರಿದ್ದರೆ, ತೂಕ ತೀರಾ ಹೆಚ್ಚಿದ್ದರೆ ಅದು ಬೇರೆ ಮಾತು, ಮೈಸೂರು ಮತ್ತು ಅರಿಜೋನಾ ಹೇಳುವುದು ಅದನ್ನೇ. ಮತ್ತು ನಾನು ಆಗಲೇ ಹೇಳಿದಂತೆ, ಮೊದಲ ಬಸುರಿನಲ್ಲಿ ಏರಿದ ಹೆಚ್ಚುವರಿ ತೂಕ ಇಳಿಯದೇ ಉಳಿದು ಎರಡನೇ ಬಸುರಿಗೆ ಬಂಡವಾಳವಾಗುತ್ತದೆ. ಅದು ಸಕ್ಕರೆ ಕಾಯಿಲೆಯ ಬಾಗಿಲು ತೆಗೆಯುತ್ತದೆ. ತೂಕ ಇಳಿಸುವುದಿದ್ದರೆ ಎರಡು ಬಸುರುಗಳ ನಡುವೆ ಇಳಿಸಬೇಕು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಬಿ.ಎಂ.ಐ. 25 ದಾಟಿದ 2,212 ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಊಟ ಮತ್ತು ನಡಿಗೆಯ ಸಲಹೆ ಕೊಟ್ಟು ನೋಡಿದರು. ನಾಲ್ಕು ಕೆ.ಜಿ. ದಾಟಿದ ಮಕ್ಕಳು ಶೇಕಡ 19ರಿಂದ 15ಕ್ಕೆ ಇಳಿದವು, ಅದು ಒಳ್ಳೆಯದೇ. ಆದರೆ ಮೂರರಿಂದ ಐದು ವರ್ಷಕ್ಕೆ ನೋಡಿದಾಗ ಎರಡೂ ಗುಂಪಿನ ಮಕ್ಕಳು ಒಂದೇ ಥರ ಇದ್ದರು. ಬಸುರಾದ ಮೇಲೆ ಶುರುಮಾಡಿದರೆ ತಡವಾಯಿತು ಎಂದಾಯಿತು.

ಗಂಡಸರು ಯಾರಾದರೂ ಇಲ್ಲಿಯವರೆಗೆ ಓದಿದ್ದರೆ ನಿಮಗೂ ಒಂದು ಮಾತು. ಮಗುವಿನ ಜೀನುಗಳಲ್ಲಿ ಅರ್ಧ ನಿಮ್ಮದು. ಫ್ರಿಜ್ಜಿನಲ್ಲಿರುವ ಕೋಕ್ ಪೂರ್ತಿ ನಿಮ್ಮದು.

ಹಾಗೆಂದು ಉಪವಾಸ ಬೇಡ

ನಮ್ಮನೆಯವರ ಅಜ್ಜಿ ಪುತ್ತೂರಿನ ಕಡೆಯವರು. ಅವರ ಸಲಹೆ ನಮ್ಮಮ್ಮನದಕ್ಕೆ ತದ್ವಿರುದ್ಧ: "ತುಂಬ ತಿನ್ನಬೇಡ ಮಗಾ, ಮಗು ದೊಡ್ಡದಾದ್ರೆ ಹೆರಿಗೆ ಕಷ್ಟ ಉಂಟು." ಇದು ಅಜ್ಜಿಯೊಬ್ಬರ ಮಾತು ಅಂದುಕೊಂಡಿದ್ದೆ. ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ದಂಪತಿ ದಕ್ಷಿಣ ಕನ್ನಡದಲ್ಲಿದ್ದು ಇದನ್ನೇ ಅಧ್ಯಯನ ಮಾಡಿ 1983ರಲ್ಲಿ ಬರೆದಿದ್ದಾರೆ. ಊಟವೂ ಮಗುವೂ ಹೊಟ್ಟೆಯಲ್ಲಿ ಒಂದೇ ಜಾಗ ಹಂಚಿಕೊಳ್ಳುತ್ತವೆ, ಹೆಚ್ಚು ತಿಂದರೆ ಮಗುವಿಗೆ ಜಾಗವಿಲ್ಲ ಎಂಬ ನಂಬಿಕೆ ಅಲ್ಲಿ ಇತ್ತಂತೆ. ಆಪರೇಷನ್ ಇಲ್ಲದ ಕಾಲದಲ್ಲಿ, ಮನೆಯಲ್ಲೇ ಹೆರುವಾಗ, ಸಣ್ಣ ಮಗುವನ್ನು ಬಯಸಿದ್ದರಲ್ಲಿ ಆಶ್ಚರ್ಯವೇನಿದೆ?

ಆದರೆ ಈಗ ಗೊತ್ತಿರುವ ಪ್ರಕಾರ ಹೊಟ್ಟೆಗೆ ಕಡಿಮೆಯಾದರೂ ಮುಂದೆ ತೊಂದರೆಯೇ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಹಾಲೆಂಡಿನ ಪಶ್ಚಿಮ ಭಾಗದಲ್ಲಿ ಭೀಕರ ಕ್ಷಾಮ ಬಂತು. ಆಗ ಹೊಟ್ಟೆಯಲ್ಲಿದ್ದ ಗಂಡುಮಕ್ಕಳು ಹತ್ತೊಂಬತ್ತು ವರ್ಷಕ್ಕೆ ಸೈನ್ಯದ ತಪಾಸಣೆಗೆ ಬಂದಾಗಿನ ದಾಖಲೆಗಳನ್ನು 1976ರಲ್ಲಿ ವಿಶ್ಲೇಷಿಸಿದರು. ಬಸುರಿನ ಮೊದಲರ್ಧದಲ್ಲಿ ಕ್ಷಾಮ ಕಂಡವರಲ್ಲಿ ಬೊಜ್ಜು ಹೆಚ್ಚಿತ್ತು! ಕೊನೆಯ ತಿಂಗಳುಗಳಲ್ಲಿ ಕಂಡವರಲ್ಲಿ ಕಡಿಮೆ. ನಮ್ಮ ಯಾಜ್ಞಿಕ್‌ರೂ ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳನ್ನು ಸೌತಾಂಪ್ಟನ್ನಿನ ಮಕ್ಕಳ ಜೊತೆ ಹೋಲಿಸಿದ್ದಾರೆ. ಹಳ್ಳಿಯ ಮಕ್ಕಳ ಸರಾಸರಿ ತೂಕ 2.7 ಕೆ.ಜಿ., ಇಂಗ್ಲೆಂಡಿನವರದ್ದು 3.5. ಎಲ್ಲ ಅಳತೆಯಲ್ಲೂ ನಮ್ಮ ಮಕ್ಕಳು ಸಣ್ಣ, ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆಯಿರಲಿಲ್ಲ. ಮಾಂಸಖಂಡ ಕಡಿಮೆ, ಕೊಬ್ಬು ಹಾಗೇ. ಹಾಗಾಗಿ ಬಸುರಿನಲ್ಲಿ ಡಯೆಟ್ ಮಾಡಿ ತೂಕ ಇಳಿಸುವ ಯೋಚನೆ ಬೇಡವೇ ಬೇಡ. ಏರುವುದು ನಿಧಾನವಾಗಿ, ಪಟ್ಟಿಯೊಳಗೆ ಏರಿದರೆ ಸಾಕು.

ತಟ್ಟೆಯಲ್ಲಿ ಇದರ ಅರ್ಥವೇನು?

ಮೊದಲ ಮೂರು ತಿಂಗಳು ಹೆಚ್ಚುವರಿ ಊಟ ಬೇಕಿಲ್ಲ. ನಡುವಿನ ಮೂರು ತಿಂಗಳು ದಿನಕ್ಕೆ ಸುಮಾರು 340 ಕ್ಯಾಲರಿ, ಕೊನೆಯ ಮೂರು ತಿಂಗಳು ಸುಮಾರು 450. 340 ಕ್ಯಾಲರಿ ಎಂದರೆ ಹೆಚ್ಚುಕಮ್ಮಿ ಎರಡು ಚಪಾತಿ, ಒಂದು ಬಟ್ಟಲು ತೊವ್ವೆ. ಎರಡನೇ ಜೀವದ ಊಟ ಇಷ್ಟೇ! ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಅದೇನೇ ಅದು, ಗುಬ್ಬಚ್ಚಿಗೆ ಇಟ್ಟ ಹಾಗೆ" ಎಂದರು.

ನಮ್ಮ ಊಟದಲ್ಲಿ ಅನ್ನ ಜಾಸ್ತಿ, ಬೇಳೆ ತರಕಾರಿ ಕಡಿಮೆ. ನಾನು ಮಾಡಿದ ಬದಲಾವಣೆ ಸಣ್ಣದು: ಅನ್ನದ ಜಾಗದಲ್ಲಿ ಹುಳಿಯ ತರಕಾರಿ, ಕೋಸಂಬರಿ, ಮೊಳಕೆ ಕಾಳಿನ ಉಸಲಿ ಹೆಚ್ಚು ಮಾಡಿದೆ. ಸಂಜೆಯ ಕಾಫಿಗೆ ಸಕ್ಕರೆ ಬಿಟ್ಟೆ. ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ನಡಿಗೆ. ವಾರಕ್ಕೆ 150 ನಿಮಿಷ ನಡೆದರೆ ಸಾಕು ಎಂದು ಇಲ್ಲಿನ ಪ್ರಸೂತಿ ತಜ್ಞರ ಸಂಘ ಹೇಳುತ್ತದೆ, ಡಾಕ್ಟರು ಬೇಡ ಎಂದವರನ್ನು ಬಿಟ್ಟು. ನಮ್ಮ ಮನೆಯಿಂದ ಪಾರ್ಕಿನ ಕೊಳದ ತನಕ ಹೋಗಿ ಬಂದರೆ ಇಪ್ಪತ್ತೆರಡು ನಿಮಿಷ. ಮಗಳು ಸ್ಕೂಟರ್ ಹಿಡಿದು ಜೊತೆಗೆ ಬರುತ್ತಾಳೆ. ಅವಳಿಗೆ "ತೂಕ" ಎಂಬ ಪದವನ್ನೇ ಹೇಳಿಲ್ಲ, ಕೊಳದ ಬಾತುಕೋಳಿ ನೋಡಲು ಹೋಗುತ್ತೇವೆ, ಅಷ್ಟೇ.

ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಇಲ್ಲಿ ಸಾಮಾನ್ಯವಾಗಿ 24 ರಿಂದ 28 ವಾರದೊಳಗೆ ಮಾಡುತ್ತಾರೆ. 50 ಗ್ರಾಂ ಗ್ಲೂಕೋಸ್ ಕುಡಿಸಿ ಒಂದು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. ಅದರಲ್ಲಿ ಹೆಚ್ಚು ಬಂದರೆ 100 ಗ್ರಾಂ ಕುಡಿಸಿ ಮೂರು ಗಂಟೆಯ ಪರೀಕ್ಷೆ. ಮೊದಲನೆಯದರಲ್ಲಿ ಹೆಚ್ಚು ಬಂದ ಕೂಡಲೇ ಕಾಯಿಲೆ ಇದೆ ಎಂದಲ್ಲ, ಎಷ್ಟೋ ಜನ ಎರಡನೆಯದರಲ್ಲಿ ಪಾಸಾಗುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ, ಹಿಂದಿನ ಮಗು ದೊಡ್ಡದಿದ್ದರೆ, ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿ. ಬೇಗನೇ ಒಂದು ಪರೀಕ್ಷೆ ಮಾಡಿಸಬಹುದು. ನನ್ನ ಮೊದಲ ಬಸುರಿನಲ್ಲಿ ಅಪ್ಪನ ಕಾಯಿಲೆಯ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ, ಹೇಳಬೇಕೆಂದು ನನಗೂ ತಿಳಿದಿರಲಿಲ್ಲ. ಈ ಸಲ ಹೇಳಿದೆ.

ಮೊಲೆಹಾಲು ಕುಡಿಸಿದರೆ ಮಗು ದಪ್ಪಗಾಗುವುದಿಲ್ಲ ಎಂದು ನೀವು ಓದಿರಬಹುದು. ಬೆಲಾರುಸ್ ದೇಶದಲ್ಲಿ ಹದಿನೇಳು ಸಾವಿರ ತಾಯಿ ಮಕ್ಕಳನ್ನು ಹಿಡಿದು ಇದನ್ನು ಪರೀಕ್ಷಿಸಿದ್ದಾರೆ. ಮೊಲೆಯುಣಿಸಲು ಹೆಚ್ಚು ಪ್ರೋತ್ಸಾಹ ಸಿಕ್ಕ ಆಸ್ಪತ್ರೆಗಳ ಮಕ್ಕಳಲ್ಲಿ ಹನ್ನೊಂದೂವರೆ ವರ್ಷಕ್ಕೆ ಬೊಜ್ಜೇನೂ ಕಡಿಮೆಯಿರಲಿಲ್ಲ. ಹಾಲೂಡಿಸಲು ಬೇರೆ ಬೇಕಾದಷ್ಟು ಒಳ್ಳೆಯ ಕಾರಣಗಳಿವೆ. ಆದರೆ ಹಾಲು ಸಾಲದೆ ಡಬ್ಬಿ ಹಾಲು ಕೊಟ್ಟ ತಾಯಿ ಇದಕ್ಕಾಗಿ ಕೊರಗಬೇಕಿಲ್ಲ.

ಇನ್ನು ಬಾಣಂತನ. ಅಮ್ಮ ಸೆಪ್ಟೆಂಬರಿನಲ್ಲಿ ಬರುತ್ತಿದ್ದಾರೆ. ಕಳೆದ ಸಲ ಒಂದು ಸೂಟ್‌ಕೇಸಿನ ತುಂಬ ಅಂಟು, ಕೊಬ್ಬರಿ, ಉತ್ತುತ್ತೆ ತಂದು, ತುಪ್ಪ ಸುರಿದು ಉಂಡೆ ಕಟ್ಟಿದ್ದರು. ದಿನಕ್ಕೆ ನಾಲ್ಕು ತಿನ್ನುತ್ತಿದ್ದೆ, ಜೊತೆಗೆ ನಲವತ್ತು ದಿನ ಅಲ್ಲಾಡಬಾರದು. ಹೊಲದಲ್ಲಿ ದುಡಿದು ಹೆತ್ತವಳಿಗೆ ಆ ವಿಶ್ರಾಂತಿಯೂ ಉಂಡೆಯೂ ಬೇಕಿತ್ತು. ನಾನು ಹೆರಿಗೆಯ ಹಿಂದಿನ ದಿನದ ತನಕ ಕುರ್ಚಿಯಲ್ಲಿ ಕೂತು ಕೋಡ್ ಬರೆದವಳು. ಈ ಸಲ ಅಮ್ಮನಿಗೆ ಮೈಸೂರಿನ ಅಧ್ಯಯನದ ವಿಷಯ ಹೇಳಿದೆ. ಅವರು ಹುಟ್ಟಿದ ಆಸ್ಪತ್ರೆಯಲ್ಲೇ ಇದೆಲ್ಲ ನಡೆಯಿತೆಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮಮ್ಮ ನನ್ನ ಹೆತ್ತಾಗ ಎಷ್ಟಿದ್ದೆ ಅಂತ ಅಲ್ಲಿ ಬರೆದಿರ್ತಾರೇನೆ?" ಎಂದು ಕೇಳಿದರು. ಇರಬಹುದು ಅಮ್ಮ ಎಂದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಅಂಟಿನ ಉಂಡೆ ದಿನಕ್ಕೆ ಒಂದು, ಅದೂ ನಿಂಬೆಹಣ್ಣಿನ ಗಾತ್ರ. ತುಪ್ಪದ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ನನಗೀಗ 24 ವಾರ. ಇಲ್ಲಿಯವರೆಗೆ ಒಂಬತ್ತು ಪೌಂಡು ಏರಿದ್ದೇನೆ. ಒಂದು ಗಂಟೆಯ ಪರೀಕ್ಷೆ ಬರುವ ಮಂಗಳವಾರ. ಆ ಕಿತ್ತಳೆ ಬಣ್ಣದ ಸಿಹಿನೀರನ್ನು ವಾಕರಿಕೆ ಬಾರದಂತೆ ಕುಡಿಯುವ ಉಪಾಯ ನಿಮಗೆ ಯಾರಿಗಾದರೂ ಗೊತ್ತಿದ್ದರೆ ಅದಕ್ಕೆ ಮುಂಚೆ ಬರೆದು ತಿಳಿಸಿ.